ಐವತ್ತು ಕಿಲೋ ಚೀಲ ಎಲ್ಲಿ ಕರಗಿತು: ಬೆಂಗಳೂರಿನ ಒಂದು ಅವರೆಕಾಯಿ ವ್ಯಾಪಾರದ ಪ್ರಕರಣ ಅಧ್ಯಯನ

ಇಲ್ಲಿ ಬರುವ ಹೆಸರುಗಳು ನಿಜವಾದವಲ್ಲ. ಊರು, ಬಡಾವಣೆ, ಮಂಡಿ ಯಾವುದೆಂದು ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ತೂಕ, ರೂಪಾಯಿ ಮಾತ್ರ ವ್ಯಾಪಾರ ನಡೆಸಿದ ಸರೋಜಮ್ಮನವರ ಲೆಕ್ಕದ ಪುಸ್ತಕದಲ್ಲಿದ್ದ ಹಾಗೇ ಇವೆ. 2023ರ ಸೀಸನ್ ಮುಗಿದ ಮೇಲೆ ಆ ಪುಸ್ತಕ ಬರೆದವನು ನಾನೇ ಆದ್ದರಿಂದ, ಅದರಲ್ಲಿನ ಒಂದು ದೊಡ್ಡ ತಪ್ಪೂ ನನ್ನದೇ.

ಹಿನ್ನೆಲೆ

ಸರೋಜಮ್ಮನವರಿಗೆ ಬೆಂಗಳೂರಿನ ದಕ್ಷಿಣ ಭಾಗದ ಹಳೇ ಬಡಾವಣೆಯೊಂದರಲ್ಲಿ ಸ್ವಂತ ಮನೆ. ಕೆಳಗೆ ಕಾರು ನಿಲ್ಲಿಸುವ ಜಾಗ ಇದೆ, ಕಾರಿಲ್ಲ. 2020ರ ಡಿಸೆಂಬರಿನಲ್ಲಿ, ಜನ ಮಾರ್ಕೆಟ್ಟಿಗೆ ಹೋಗಲು ಹೆದರುತ್ತಿದ್ದಾಗ, ತವರಿನಿಂದ ಬಂದ ಅರ್ಧ ಚೀಲ ಅವರೆಕಾಯಿಯನ್ನು ಬಿಡಿಸಿ, ಹಿತಕಿ, ಎದುರಿನ ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಕೊಟ್ಟರು. ಆ ನಾಲ್ಕು ಮನೆಯವರು ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಮೂರನೇ ಚಳಿಗಾಲದ ಹೊತ್ತಿಗೆ ಹನ್ನೊಂದು ಅಪಾರ್ಟ್‌ಮೆಂಟು, ಒಂದು ಕಾಂಡಿಮೆಂಟ್ಸ್ ಅಂಗಡಿ, ಒಬ್ಬರು ಅಡುಗೆ ಕಾಂಟ್ರಾಕ್ಟರು ಗಿರಾಕಿಗಳಾಗಿದ್ದರು. ಕಾರು ನಿಲ್ಲಬೇಕಾದ ಜಾಗದಲ್ಲಿ ಅದೇ ಬೀದಿಯ ಏಳು ಜನ ಹೆಂಗಸರು ಬೆಳಿಗ್ಗೆಯಿಂದ ಕಾಯಿ ಬಿಡಿಸುತ್ತಿದ್ದರು. ಸರೋಜಮ್ಮನ ಅಕ್ಕನ ಮಗ ಸ್ಕೂಟರಿನಲ್ಲಿ ಪ್ಯಾಕೆಟ್ ಹಂಚುತ್ತಿದ್ದ.

ಹಿತಕಿದ ಬೇಳೆ ಏನೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು: ಬಿಡಿಸಿದ ಅವರೆಕಾಳನ್ನು ನೀರಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಒಳಗಿನ ಬೇಳೆ ಚಿಮ್ಮಿ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದು ಕಾಳಿಗೆ ಒಂದು ಒತ್ತು. ಇದಕ್ಕೆ ಅಡ್ಡದಾರಿ ಇಲ್ಲ. ಈ ಕೆಲಸಕ್ಕೇ ಪೇಟೆಯವರು ದುಡ್ಡು ಕೊಡುವುದು.

ಕಾಯಿ ಬರುತ್ತಿದ್ದುದು ಮಾಗಡಿ ಸೀಮೆಯಿಂದ, ಸಗಟು ಮಂಡಿಯ ಮೂಲಕ. ಅಲ್ಲಿ ಸೊಗಡವರೆಗೆಂದೇ (ಘಮವಿರುವ ಚಳಿಗಾಲದ ಅವರೆ) ಬೇರೆ ಹೊಲ ಇಡುವವರು ಕಡಿಮೆ. ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತಾರೆ. ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆ ಹಬ್ಬಿಕೊಂಡು, ಇಬ್ಬನಿ ಬೀಳುವ ಕಾಲಕ್ಕೆ ಕಾಯಿ ಬಲಿಯುತ್ತದೆ. ಹಗಲು ಕುಗ್ಗಿದ ಮೇಲಷ್ಟೇ ಹೂ ಬಿಡುವ ಗಿಡ ಅದು, ಎರಡು ತಿಂಗಳು ಮುಂಚೆ ಬಿತ್ತಿದರೂ ಕಾಯಿ ಮುಂಚೆ ಸಿಗುವುದಿಲ್ಲ. ಉಳುಮೆ, ಗೊಬ್ಬರದ ಖರ್ಚೆಲ್ಲ ರಾಗಿಯ ತಲೆಗೆ. "ಅವರೆಗೇನು ಅಸಲು? ಬಂದಿದ್ದೆಲ್ಲ ಲಾಭ" ಎನ್ನುತ್ತಾರೆ ರೈತರು. ಈ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ತೊಂದರೆ ಎಲ್ಲಿ ಕಂಡಿತು

2023ರ ಫೆಬ್ರವರಿ ಕೊನೆಗೆ ಸೀಸನ್ ಮುಗಿದಾಗ ಸರೋಜಮ್ಮನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹೆಂಗಸರಿಗೆ ಕೂಲಿ ಕೊಟ್ಟಿದ್ದರು, ಮಂಡಿಗೆ ಬಾಕಿ ಇರಲಿಲ್ಲ, ಆರ್ಡರ್ ಒಂದು ದಿನವೂ ತಪ್ಪಿರಲಿಲ್ಲ. ದುಡ್ಡು ಎಲ್ಲಿ ಹೋಯಿತು ಎಂಬುದಷ್ಟೇ ಗೊತ್ತಾಗಲಿಲ್ಲ. ನಾನು ಸಹಕಾರಿ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ನಮ್ಮ ಮನೆಯವಳ ಪರಿಚಯದ ಮೇಲೆ ಪುಸ್ತಕ ನೋಡಲು ಕರೆದರು.

ಪುಸ್ತಕ ಎಂದರೆ ಹಿಂದಿನ ವರ್ಷದ ಡೈರಿ. ಅದರ ಹಿಂಬದಿಯಲ್ಲಿ ಒಂದು ಲೆಕ್ಕ ಇತ್ತು. 50 ಕಿಲೋ ಚೀಲಕ್ಕೆ, ಕಿಲೋ 50ರಂತೆ 2,500 ರೂಪಾಯಿ. ಆಟೋ, ಹಮಾಲಿ 170. ಕಾಯಿ ಬಿಡಿಸಲು ಕಿಲೋಗೆ 8ರಂತೆ 400. ಐವತ್ತು ಕಿಲೋಗೆ ಇಪ್ಪತ್ತು ಕಿಲೋ ಕಾಳು, ಅದರಿಂದ ಹದಿನೇಳು ಕಿಲೋ ಬೇಳೆ. ಹಿತಕಲು ಕಿಲೋಗೆ 40ರಂತೆ 680. ಅರ್ಧ ಕಿಲೋ ಪ್ಯಾಕೆಟ್ 34, ಕವರು ಮತ್ತು ಪೆಟ್ರೋಲು ಸೇರಿ ತಲಾ 12ರಂತೆ 408. ಒಟ್ಟು 4,158. ಬೇಳೆ ಕಿಲೋಗೆ 300ರಂತೆ 5,100. ಚೀಲಕ್ಕೆ 942 ಲಾಭ.

ಕಾಗದದ ಮೇಲೆ ಇಷ್ಟು ಚೆನ್ನಾಗಿರುವಾಗ ಕಳ್ಳ ಹೊರಗೇ ಇರಬೇಕಲ್ಲ. ಅಕ್ಕನ ಮಗ ಮಂಡಿಯತ್ತ ಬೆರಳು ಮಾಡಿದ. ನಾನೂ ತಲೆಯಾಡಿಸಿದೆ. ಕಾನೂನಿನ ಪ್ರಕಾರ ಮಂಡಿಯ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಆದರೂ ಬಿಳಿ ಚೀಟಿಯಲ್ಲಿ (ಅಧಿಕೃತ ಬಿಲ್ಲಲ್ಲದ ಚೀಟಿ) ರೈತನ ಹಣದಿಂದ ನೂರಕ್ಕೆ ಹತ್ತು ಮುರಿದುಕೊಂಡಿದ್ದನ್ನು ನಾವೇ ನೋಡಿದ್ದೆವು. ನಡುವಿನವನನ್ನು ತೆಗೆದುಬಿಟ್ಟರೆ ಈ ಕಡೆಯವರಿಗೂ ಆ ಕಡೆಯವರಿಗೂ ಅನುಕೂಲ. ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ ಕೂಡ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಇಂಥದೇ ತೊಂದರೆಗೆ ಎಂದು ಹುಡುಗ ಎಲ್ಲೋ ಓದಿಕೊಂಡು ಬಂದಿದ್ದ. ಅವರಿಗೆ ನಗರದ ತುಂಬ ಸ್ವಂತ ಅಂಗಡಿಗಳಿವೆ, ನಮಗಿರುವುದು ವಾಟ್ಸಾಪ್ ಗುಂಪು ಎಂದು ಆಗ ನನಗೆ ಹೊಳೆಯಲಿಲ್ಲ.

ಮೊದಲ ಪ್ರಯತ್ನ: ಮಂಡಿ ಬಿಟ್ಟದ್ದು

2023ರ ಡಿಸೆಂಬರಿನಲ್ಲಿ ಸರೋಜಮ್ಮ ತವರಿನ ಕಡೆಯ ನಾಲ್ಕು ರೈತರನ್ನು ಕಂಡು ಮಾತಾಡಿದರು. ಮಂಡಿಯಲ್ಲಿ ಕಿಲೋ 50 ಇದ್ದರೆ ರೈತನ ಕೈಗೆ ಬರುತ್ತಿದ್ದುದು 42: ಕಮಿಷನ್ 5, ಬಾಡಿಗೆ 2, ಹಮಾಲಿ ಮತ್ತು ತೂಕದಲ್ಲಿ ಮುರಿಯುವುದು ಸೇರಿ 1. "ನಾನು 45 ಕೊಡ್ತೀನಿ, ಸೀಸನ್ ಮುಗಿಯೋವರೆಗೂ ಅದೇ ರೇಟು" ಅಂದರು. ಎಲ್ಲರೂ ಒಪ್ಪಿದರು.

ಹತ್ತು ದಿನ ಚೆನ್ನಾಗಿ ನಡೆಯಿತು. ಸಂಕ್ರಾಂತಿ ಹತ್ತಿರ ಬಂದಂತೆ, ಅವರೆಬೇಳೆ ಮೇಳದ ಬೇಡಿಕೆಯೂ ಸೇರಿ, ಮಂಡಿಯಲ್ಲಿ ರೇಟು 70ಕ್ಕೆ ಏರಿತು. ನಮಗೆ ಬರುವ ಚೀಲದಲ್ಲಿ ಜೊಳ್ಳು ಹೆಚ್ಚಾಯಿತು, ದಪ್ಪ ಕಾಯಿ ಪೇಟೆಯ ದಾರಿ ಹಿಡಿಯಿತು. ಹಬ್ಬ ಮುಗಿದು ಕಾಯಿ ಸುರಿದಾಗ ರೇಟು 28ಕ್ಕೆ ಇಳಿಯಿತು. ಆಗ ಪ್ರತಿಯೊಬ್ಬರಿಗೂ 45ರ ಮಾತು ನೆನಪಿತ್ತು. ಅಕ್ಕಪಕ್ಕದ ಹೊಲದವರೂ ಬಂದು ಸೇರಿಕೊಂಡರು.

ರೇಟಿಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ನಮಗೆ ದಿನಕ್ಕೆ ಬೇಕಾಗಿದ್ದುದು ನೂರೈವತ್ತು ಕಿಲೋ. ರೈತ ಕಾಯಿ ಕೀಳಲು ಆಳು ಕರೆದ ದಿನ ನಾಲ್ಕು ನೂರು ಕಿಲೋ ಕೀಳುತ್ತಾನೆ. ಉಳಿದ ಕಾಯನ್ನು ಅದೇ ದಿನ ಮಂಡಿಗೇ ಹಾಕಬೇಕು, ಅದಕ್ಕೆ ಬೇರೆ ಗಾಡಿ ಬೇಕು. ನಾವು ಹುಳುಕು, ಎಳೆಕಾಯಿ ಆರಿಸಿ ವಾಪಸ್ ಕಳಿಸತೊಡಗಿದ ಮೇಲೆ ರಂಗಪ್ಪ ಎನ್ನುವ ರೈತ ಫೋನಿನಲ್ಲಿ ಅಂದದ್ದು: "ಮಂಡಿಯೋರು ಬಯ್ತಾರೆ ಕಣಕ್ಕ, ಆದ್ರೆ ಒಂದು ಕಾಯೂ ವಾಪಸ್ ಕಳ್ಸಲ್ಲ. ನೀವು ಬಾಯ್ತುಂಬ ಅಣ್ಣ ಅಂತೀರ, ಅರ್ಧ ಚೀಲ ವಾಪಸ್ ಕಳುಸ್ತೀರ."

ಇನ್ನೊಂದು ಸಂಗತಿ ಮಂಡಿಯವರಿಂದಲೇ ತಿಳಿಯಿತು. ಅವರನ್ನು ಮುದ್ದಣ್ಣ ಎನ್ನೋಣ. ಕಾಯಿ ಸಾಲದೆ ಜನವರಿಯಲ್ಲಿ ಸರೋಜಮ್ಮ ತಲೆ ತಗ್ಗಿಸಿಕೊಂಡು ಅವರ ಬಳಿ ಹೋದರು. ಮುದ್ದಣ್ಣ ನಗಲಿಲ್ಲ, ಕಾಯಿ ಕೊಟ್ಟರು. "ತಾಯಿ, ನೀವು ವಾರಕ್ಕೊಂದ್ಸಲ ದುಡ್ಡು ಕೊಡ್ತೀರಂತೆ. ಆ ವಾರದಲ್ಲಿ ಅವರು ಖರ್ಚಿಗೆ ಇಸ್ಕೊಂಡಿದ್ದು ನನ್ನ ಹತ್ರ" ಎಂದರು. ಅಂದರೆ ನಮ್ಮ ನೇರ ವ್ಯಾಪಾರವನ್ನು ನಡೆಸುತ್ತಿದ್ದುದೇ ಮಂಡಿಯ ಗಲ್ಲಾ. ಹತ್ತು ಪರ್ಸೆಂಟಿನೊಳಗೆ ಅಂದಿನ ಅಂದೇ ನಗದು, ಬೇಕೆಂದಾಗ ಕೈಗಡ, ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲ ಕಾಯಿ ಇಳಿಸಿಕೊಳ್ಳುವ ಖಾತ್ರಿ ಇಷ್ಟೂ ಇದ್ದವು. ಅದು ನ್ಯಾಯವಾದ ಬೆಲೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕೆಲಸಗಳನ್ನು ಯಾರೋ ಮಾಡಲೇಬೇಕು, ನಾವು ಒಂದನ್ನೂ ಮಾಡದೆ ಅದರ ದುಡ್ಡು ಮಾತ್ರ ಉಳಿಸಲು ಹೊರಟಿದ್ದೆವು.

ಒಂದು ಚೀಲದ ಬೆನ್ನು ಹತ್ತಿದ್ದು

ಜನವರಿ ಕೊನೆಯ ವಾರ ಸರೋಜಮ್ಮನೇ ಒಂದು ಮಾತು ಹೇಳಿದರು: "ಒಂದೇ ಒಂದು ಚೀಲ ಹಿಡ್ಕೊಂಡು ಕೂರೋಣ. ಕೊನೇವರೆಗೂ ತೂಕ ಹಾಕ್ತಾ ಹೋಗೋಣ." ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ನನ್ನ ಬ್ಯಾಂಕಿನ ಅನುಭವಕ್ಕೆ ಇದು ತೋಚಿರಲಿಲ್ಲ.

ಮಂಡಿಯಿಂದ ತಂದ 50 ಕಿಲೋ ಚೀಲವನ್ನು ಟಾರ್ಪಾಲಿನ ಮೇಲೆ ಸುರಿದೆವು. ಗೋಣಿಯ ಒಳಮೈ ಒದ್ದೆಯಾಗಿತ್ತು, ನಡುವಿನ ಕಾಯಿ ಮುಟ್ಟಿದರೆ ಬೆಚ್ಚಗಿತ್ತು. ಸೊಗಡಿನ ಕಾಯಿ ಹಿಡಿದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತಬೇಕು, ಗಂಟೆಗಟ್ಟಲೆ ಘಮ ಹೋಗಬಾರದು. ಈ ಕಾಯಲ್ಲಿ ಅಂಟು ಇತ್ತು, ಘಮದ ಜೊತೆ ಹುಳಿಯ ವಾಸನೆಯೂ ಇತ್ತು. ಅರ್ಧ ಗಂಟೆ ಆರಿದ ಮೇಲೆ, ಸೊಪ್ಪುಸದೆ ತೆಗೆದು, ಮತ್ತೆ ತೂಗಿದರೆ 46. ಹುಳುಕು, ಜೊಳ್ಳು, ಕಪ್ಪಾದದ್ದು ಆರಿಸಿದರೆ 41. ಕಾಳು ಬಂದದ್ದು 16.5 ಕಿಲೋ. ಹಿತಕಿದ ಮೇಲೆ 14. ಅದರಲ್ಲಿ 2 ಕಿಲೋ "ಹುಳಿ ಬಂದಿದೆ" ಎಂದು ವಾಪಸ್ ಬಂತು, ದುಡ್ಡು ಮರಳಿಸಿದರು. ಮಾರಿದ್ದು 12 ಕಿಲೋ, 3,600 ರೂಪಾಯಿ. ಖರ್ಚು 3,966. ಡೈರಿಯ ಹಿಂಬದಿಯಲ್ಲಿ 942 ಲಾಭ ತೋರಿಸುತ್ತಿದ್ದ ಚೀಲ ನಿಜದಲ್ಲಿ 366 ರೂಪಾಯಿ ತಿಂದುಹಾಕಿತ್ತು.

ಇನ್ನೆರಡು ಚೀಲ ತೂಗಿದೆವು. ಅಂಕಿ ಸ್ವಲ್ಪ ಆಚೀಚೆ, ಕಥೆ ಅದೇ.

ಆಮೇಲೆ ಎಷ್ಟು ಗಂಟೆಗೆ ಏನಾಯಿತು ಎಂದು ಕೇಳುತ್ತ ಹಿಂದಕ್ಕೆ ಹೋದೆವು. ರೈತ ಬೆಳಿಗ್ಗೆ ಇಬ್ಬನಿಯಲ್ಲೇ ಕೀಳುತ್ತಾನೆ. ಆಳು ಸಿಗುವುದು ಆಗ, ಒದ್ದೆ ಕಾಯಿ ತೂಕವೂ ಬರುತ್ತದೆ. ಹತ್ತು ಗಂಟೆಗೆ ಗೋಣಿಗೆ ತುಂಬಿ ಬಾಯಿ ಹೊಲಿಯುತ್ತಾನೆ. ಗಾಡಿ ಬರುವುದು ಸಂಜೆ. ಮಂಡಿ ಸೇರುವುದು ನಡುರಾತ್ರಿ, ಮಾರಾಟ ಬೆಳಗಿನ ಜಾವ. ನಮ್ಮ ಟಾರ್ಪಾಲಿಗೆ ಬೀಳುವುದು ಎಂಟಕ್ಕೆ. ಹತ್ತಿರ ಹತ್ತಿರ ಒಂದು ದಿನ ಪೂರ್ತಿ ಕಾಯಿ ಒದ್ದೆ ಗೋಣಿಯೊಳಗೆ ಬೇಯುತ್ತಿತ್ತು. ನಮ್ಮ ಮನೆಯಲ್ಲೂ ಗಡಿಯಾರ ನಿಲ್ಲುತ್ತಿರಲಿಲ್ಲ: ಕಾಳು ರಾತ್ರಿಯಿಡೀ ಟಬ್ಬಿನಲ್ಲಿ ಅದೇ ನೀರಲ್ಲಿ, ಬೆಳಿಗ್ಗೆ ಹಿತಕಿ, ಮಧ್ಯಾಹ್ನ ಎರಡಕ್ಕೆ ಹುಡುಗ ಪ್ಯಾಕೆಟ್ ತೆಗೆದುಕೊಂಡು ಹೊರಡುತ್ತಿದ್ದ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರ ಮೇಜಿನ ಕೆಳಗಿಟ್ಟು ಬರುತ್ತಿದ್ದ. ಆಫೀಸಿನವರು ಎತ್ತಿಕೊಂಡು ಹೋಗುತ್ತಿದ್ದುದು ರಾತ್ರಿ ಎಂಟಕ್ಕೆ. ಆ ಆರು ಗಂಟೆ ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ.

ನನ್ನ ತಪ್ಪು

ಇಷ್ಟು ಕಂಡ ಮೇಲೆ ನಾನು ಕೊಟ್ಟ ಸಲಹೆ: ಡೀಪ್ ಫ್ರೀಜರ್ ತೆಗೆದುಕೊಳ್ಳಿ. ರೇಟು ಬಿದ್ದಾಗ ಕೊಂಡು, ಹಿತಕಿ, ಹೆಪ್ಪುಗಟ್ಟಿಸಿ ಇಟ್ಟರೆ ಮಾರ್ಚಿನಲ್ಲೂ ಮಾರಬಹುದು. 22,000ಕ್ಕೆ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. 60 ಕಿಲೋ ಬೇಳೆ ಇಟ್ಟೆವು.

ಮಾರ್ಚಿನಲ್ಲಿ ಮೊದಲ ಹತ್ತು ಮನೆಯವರ ಉತ್ತರ ಒಂದೇ: "ಬೇಳೆ ಚೆನ್ನಾಗಿದೆ ಆಂಟಿ, ಸೊಗಡಿಲ್ಲ." ಕಾಯಿ ಬಿಡಿಸುವ ಹೆಂಗಸರಲ್ಲಿ ಹಿರಿಯರಾದ ನಂಜಮ್ಮ ಇದನ್ನು ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸೊಗಡು ಹೆಚ್ಚಾಗಿ ಇರುವುದು ಕಾಯಿಯ ಮೇಲಿನ ಆ ಅಂಟಿನಲ್ಲಿ. ಬಿಡಿಸಿ, ನೆನೆಸಿ, ಹಿತಕಿ, ತಿಂಗಳು ತಣ್ಣಗಿಟ್ಟ ಮೇಲೆ ಉಳಿಯುವುದು ಹೊಟ್ಟೆ ತುಂಬಿಸುವ ಬೇಳೆ ಮಾತ್ರ. ಜನ ಚಳಿಗಾಲದಲ್ಲಿ 300 ಕೊಡುವುದು ಆ ಘಮಕ್ಕೆ. ಉಳಿದ ಸರಕನ್ನು ಅಡುಗೆ ಕಾಂಟ್ರಾಕ್ಟರು 150ರಂತೆ ತೆಗೆದುಕೊಂಡರು.

ಇದೇ ಸಾಲಿನ ಇನ್ನೊಂದು ಸಣ್ಣ ಪ್ರಯೋಗ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಅಳತೆ ನೋಡುವುದಿಲ್ಲ, ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಬೇಸಿಗೆಯಲ್ಲಿ ಅದನ್ನು ತಂದು, ಹೆಸರು ಮುಚ್ಚಿಡದೆ, "ಸೊಗಡವರೆಯಲ್ಲ" ಎಂದು ಬರೆದೇ ಮಾರಿದೆವು. ಕ್ಯಾಂಟೀನಿಗೆ ಹೋಯಿತು, ಮನೆಗಳಿಗೆ ಹೋಗಲಿಲ್ಲ. ನಷ್ಟವಾಗಲಿಲ್ಲ, ಮುಂದುವರಿಸಲೂ ಇಲ್ಲ.

ಎರಡನೇ ಸುತ್ತು: 2024-25

ಈ ಸಲ ರೈತರ ಜೊತೆ ರೇಟು ನಿಲ್ಲಿಸಲಿಲ್ಲ. ಅಂದಿನ ಮಂಡಿ ರೇಟು ಎಷ್ಟೋ ಅಷ್ಟು, ಅದನ್ನು ಹೇಳುವವರು ಮುದ್ದಣ್ಣ. ಮಂಡಿಗೆ ಹೋಗಿದ್ದರೆ ರೈತ ಕಳೆದುಕೊಳ್ಳುತ್ತಿದ್ದ ಎಂಟು ರೂಪಾಯಿಯಲ್ಲಿ ಅರ್ಧ ಅವನಿಗೆ, ಅರ್ಧ ಸರೋಜಮ್ಮನಿಗೆ. ಮಂಡಿಯಲ್ಲಿ 50 ಇದ್ದ ದಿನ ರಂಗಪ್ಪನಿಗೆ 46, ಆ ರಾತ್ರಿಯೇ ಫೋನಿಗೆ. ಮುದ್ದಣ್ಣ ಯಾಕೆ ಒಪ್ಪಿದರು ಎಂದು ಕೇಳುವಿರಿ. ಗಾಡಿ ಒಂದೇ: ಇಬ್ಬನಿ ಆರಿದ ಮೇಲೆ ಕಿತ್ತ, ಆರಿಸಿದ ಕಾಯಿ ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ನಮಗೆ, ಉಳಿದ ಚೀಲ ಅವರ ಮಂಡಿಗೆ. ಅವರಿಗೆ ನಾಲ್ಕು ಊರಿನ ಮಾಲು ತಪ್ಪದೆ ಬರತೊಡಗಿತು. ನಮಗೆ ಬಾಡಿಗೆ ಚೀಲದ ಲೆಕ್ಕಕ್ಕೆ 150ಕ್ಕೆ ಇಳಿಯಿತು. ಗಾಡಿ ಮಧ್ಯಾಹ್ನವೇ ಹೊರಡುವುದರಿಂದ ಕಾಯಿ ಸಂಜೆ ಆರಕ್ಕೆ ಮನೆ ಬಾಗಿಲಲ್ಲಿ.

ಹೆಚ್ಚು ಕಷ್ಟವಾದದ್ದು ಕೂಲಿಯ ವಿಷಯ. ಬಿಡಿಸಿದ ಕಾಯಿಯ ತೂಕಕ್ಕೆ ಕೂಲಿ ಕೊಡುತ್ತಿದ್ದಾಗ ಕೈ ಓಡುತ್ತಿತ್ತು, ತುದಿಯ ಸಣ್ಣ ಕಾಳು ಸಿಪ್ಪೆಯಲ್ಲೇ ಉಳಿಯುತ್ತಿತ್ತು. ಹತ್ತು ಕಿಲೋ ಸಿಪ್ಪೆ ಕೆದಕಿದರೆ ಆರುನೂರು ಗ್ರಾಂ ಕಾಳು ಸಿಕ್ಕಿತು. ಸಿಪ್ಪೆ ಒಯ್ಯುತ್ತಿದ್ದ ಪಕ್ಕದ ಬೀದಿಯ ಹಾಲಿನವರ ಹಸುಗಳೇ ನಮ್ಮ ಅತಿ ದೊಡ್ಡ ಗಿರಾಕಿ ಎಂದು ಹುಡುಗ ತಮಾಷೆ ಮಾಡಿದ. (ಬದಲಿಗೆ ಅವರು ದಿನಾ ಟೀಗೆ ಒಂದು ಲೀಟರ್ ಹಾಲು ಕೊಡುತ್ತಿದ್ದರು. ಅದು ಇವತ್ತಿಗೂ ನಿಂತಿಲ್ಲ.) ಸರಿ, ಕಾಳಿನ ತೂಕಕ್ಕೆ ಕೂಲಿ, ಕಿಲೋಗೆ 24 ಎಂದು ಬದಲಿಸಿದೆವು. ಮೂರೇ ದಿನದಲ್ಲಿ ಜಗಳ. ದಪ್ಪ ಕಾಯಿಯ ಕ್ರೇಟಿಗೆ ಪೈಪೋಟಿ. ಕಣ್ಣು ಮಂಜಾದ ನಂಜಮ್ಮನ ಪಾಲಿಗೆ ಯಾವಾಗಲೂ ಹುಳುಕು. ಇಬ್ಬರು ಕೆಲಸ ಬಿಡುತ್ತೇವೆ ಎಂದರು.

ದಾರಿ ತೋರಿಸಿದವರು ಆ ಹೆಂಗಸರೇ. ಎಲ್ಲ ಕ್ರೇಟನ್ನೂ ಒಟ್ಟಿಗೆ ಟಾರ್ಪಾಲಿನ ಮೇಲೆ ಸುರಿದು, ಎಲ್ಲರೂ ಕೂತು ಆರಿಸುವುದು, ಆಮೇಲೆ ಮೊರದಲ್ಲಿ ಅಳೆದು ಪಾಲು ಮಾಡುವುದು. ಆರಿಸುವ ಹೊತ್ತಿಗೆ ಬೇರೆ ಕೂಲಿ, ಚೀಲಕ್ಕೆ 60. ನಂಜಮ್ಮ ಆರಿಸುವಲ್ಲಿ ಮುಂದು, ಅವರು ನೋಡುವುದು ಬೆರಳಿನಿಂದ.

ಮಾರುವ ಕಡೆ ಸರೋಜಮ್ಮ ಕಠಿಣವಾದ ಒಂದು ತೀರ್ಮಾನ ತೆಗೆದುಕೊಂಡರು. ಹಿತಕಿದ ಬೇಳೆ ಶುಕ್ರವಾರ, ಶನಿವಾರ ಮಾತ್ರ, ಹಿಂದಿನ ದಿನವೇ ಆರ್ಡರ್ ಹೇಳಿದವರಿಗೆ ಮಾತ್ರ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಮನೆ ಬಾಗಿಲಿಗೆ. ಗೇಟಿನಲ್ಲಿ ಇಡುವುದು ಬಂದ್. ನೆನೆಸುವ ನೀರು ಎರಡು ಸಲ ಬದಲು. ವಾರದ ಉಳಿದ ದಿನ ಹಿತಕದ ಕಾಳು, ಕಿಲೋಗೆ 170. ಮೊದಲ ವಾರ ಸುಮಾರು ಗಿರಾಕಿಗಳು ಮುನಿಸಿಕೊಂಡರು, ಎರಡು ಅಪಾರ್ಟ್‌ಮೆಂಟು ಪೂರ್ತಿ ಕೈಬಿಟ್ಟವು.

ಆಗ ಬಂದ ಲೆಕ್ಕ ಹೀಗಿದೆ. ಆರಿಸಿದ 50 ಕಿಲೋಗೆ 2,300, ಬಾಡಿಗೆ 150, ಆರಿಸಲು 60, ಬಿಡಿಸಲು 456, ಹಿತಕಲು 382, ಪ್ಯಾಕೆಟ್ 35ಕ್ಕೆ 420. ಒಟ್ಟು 3,768. ಕಾಳು ಬಂದದ್ದು 19 ಕಿಲೋ. ಒಂಬತ್ತು ಕಿಲೋ ಕಾಳಾಗಿಯೇ ಹೋಯಿತು, ಉಳಿದದ್ದು ಹಿತಕಿ ಎಂಟೂವರೆ ಕಿಲೋ ಬೇಳೆ. ಬಂದದ್ದು 4,080. ಚೀಲಕ್ಕೆ 312 ಉಳಿತಾಯ. ಹಿತಕುವ ಕೂಲಿ 40ರಿಂದ 45 ಆಗಿದ್ದೂ ಇದರೊಳಗೇ ಇದೆ.

ಆ ಚಳಿಗಾಲದ ಒಂದು ಭಾನುವಾರ ಆಕಸ್ಮಿಕವಾಗಿ ಇನ್ನೊಂದು ಬಾಗಿಲು ತೆರೆಯಿತು. ಹೆಂಗಸರು ಇಬ್ಬರು ಮದುವೆಗೆ ಹೋಗಿದ್ದರು, ಬಿಡಿಸಲು ಕೈ ಇಲ್ಲ. ಆರಿಸಿದ ಕಾಯಿಯನ್ನೇ ಎರಡು ಕಿಲೋ ಬ್ಯಾಗಿನಲ್ಲಿ ತುಂಬಿ, ಕಿಲೋಗೆ 70 ಎಂದು ಗುಂಪಿನಲ್ಲಿ ಹಾಕಿದರು. ಒಂದು ಗಂಟೆಯಲ್ಲಿ ಖಾಲಿ. ಟೀವಿ ಮುಂದೆ ಮನೆಮಂದಿ ಕೂತು ಬಿಡಿಸುವ ಸುಖ ಬೇಕಾಗಿತ್ತು ಜನಕ್ಕೆ, ಅಂಗೈಯ ಘಮವೂ ಸೇರಿ. ಹುಳ ಇಲ್ಲ, ಜೊಳ್ಳಿಲ್ಲ ಎನ್ನುವ ಭರವಸೆಗೇ ಅವರು ಮಾರ್ಕೆಟ್ಟಿಗಿಂತ ಹೆಚ್ಚು ಕೊಟ್ಟಿದ್ದು. ಖರ್ಚು 2,810, ಬಂದದ್ದು 3,500, ಚೀಲಕ್ಕೆ 690. ಏನೂ ಮಾಡದ ಕಾಯಿ, ಒಂದೊಂದಾಗಿ ಹಿತಕಿದ ಬೇಳೆಯ ಎರಡರಷ್ಟು ಲಾಭ ಕೊಟ್ಟಿತು. ಮೌಲ್ಯವರ್ಧನೆ ಎಂದರೆ ಇನ್ನೊಂದು ಹಂತ ಸೇರಿಸುವುದು ಎಂದೇ ಬ್ಯಾಂಕಿನ ಸಾಲದ ಅರ್ಜಿಗಳಲ್ಲಿ ಮೂವತ್ತು ವರ್ಷ ಬರೆಸಿದವನು ನಾನು.

ಹಾಗಾದರೆ ಬರೀ ಕಾಯಿಯನ್ನೇ ಮಾರಬಾರದೇಕೆ? ಭಾನುವಾರ ನಾಲ್ಕು ಚೀಲ ದಾಟಿದರೆ ಕೇಳುವವರಿರಲಿಲ್ಲ, ವಾರದ ದಿನಗಳಲ್ಲಿ ಒಂದು ಚೀಲವೂ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣವನ್ನು ಸರೋಜಮ್ಮ ಒಂದೇ ಮಾತಿನಲ್ಲಿ ಹೇಳಿದರು: "ಈ ಏಳು ಜನಕ್ಕೆ ಏನು ಹೇಳ್ಲಿ?" ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ, ನಾನೂ ಹಾಕಲಿಲ್ಲ. ಅವರ ಸ್ವಂತ ದುಡಿಮೆಗೆ ಒಂದು ಕಾಲಂ ಹಾಕಿ, ಬಿಡಿಸುವವರ ಕೂಲಿಯನ್ನೇ ಅವರಿಗೂ ಬರೆದು ನೋಡಿದೆ. 312ರಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಅದನ್ನು ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೋದ ವರ್ಷ ಮೈನಸ್ಸಲ್ಲಿತ್ತಲ್ಲ" ಅಂದರು.

ಈಗ ಎಲ್ಲಿಗೆ ಬಂದು ನಿಂತಿದೆ

2025ರ ಮುಂಗಾರಿನಲ್ಲಿ ರಂಗಪ್ಪ ಫೋನ್ ಮಾಡಿದರು. ರಾಗಿ ಕೊಯ್ಲಿಗೆ ಆಳು ಸಿಗುತ್ತಿಲ್ಲ, ಈ ಸಲ ಮಿಷನ್ ಕರೆಸುತ್ತಾರಂತೆ. ಮಿಷನ್ ಓಡಾಡಬೇಕಾದರೆ ಹೊಲದ ನಡುವೆ ಅಕ್ಕಡಿ ಸಾಲು ಇರುವ ಹಾಗಿಲ್ಲ. "ಅವರೆ ಬಿಡ್ತೀನಿ ಅಕ್ಕ, ಅದಕ್ಕೇನು ಅಸಲು ಹಾಕಿದ್ದೀನಾ" ಎಂದರು. ಗೋಣಿ, ಗಂಟೆ, ಗೇಟು, ಕೂಲಿ ಎಲ್ಲ ಅಳೆದ ನಮ್ಮ ಪಟ್ಟಿಯಲ್ಲಿ ರಾಗಿ ಕೊಯ್ಯುವ ಮಿಷನ್ ಎಲ್ಲೂ ಇರಲಿಲ್ಲ.

ಸರೋಜಮ್ಮ ಮರುದಿನವೇ ಬಸ್ಸು ಹತ್ತಿ ಹೋದರು. ಬದುವಿನ ಅಂಚಿನಲ್ಲಿ, ಮಿಷನ್ನಿಗೆ ಅಡ್ಡ ಬಾರದಂತೆ, ಆರು ಸಾಲು ಅವರೆಗೆಂದೇ ಬಿಟ್ಟರೆ, ಕಾಯಿ ಬರಲಿ ಬಿಡಲಿ ಸಾಲಿಗೆ ಇಷ್ಟು ಎಂದು ಮುಂಗಡ ಕೊಡುವ ಮಾತಾಡಿದರು. ಎಷ್ಟು ಎಂದು ರಂಗಪ್ಪ ಕೇಳಿದರು. ಆ ಅಂಕಿ ಇಬ್ಬರ ಹತ್ತಿರವೂ ಇರಲಿಲ್ಲ. ಹೊಲದ ಬದುವಿನ ಮೇಲೆ ನಿಂತೇ ನನಗೆ ಫೋನ್ ಮಾಡಿ, ಒಂದು ಸಾಲಿಗೆ ಎಷ್ಟು ರಾಗಿ ಹೋಗುತ್ತದೆ ಎಂಬಲ್ಲಿಂದ ಲೆಕ್ಕ ಶುರು ಮಾಡಿಸಿದರು.